ಯಾವ ಸ್ವಿಚ್ಚು ಹಾಕಿದೆ, ಯಾವುದು ಆರಿದೆ?

ಹೊಸ ಬಾಡಿಗೆ ಮನೆಗೆ ಹೋದರೆ ಮೊದಲು ಮೇನ್ ಸ್ವಿಚ್ಚು ಎಲ್ಲಿದೆ, ಗ್ಯಾಸಿನ ರೆಗ್ಯುಲೇಟರ್ ಮುಚ್ಚಿದೆಯೇ ಎಂದು ನೋಡಿಕೊಳ್ಳುತ್ತೇವೆ. ಕಂಪ್ಯೂಟರಿನ ಮುಂದೆ ಕುಳಿತಾಗ ಮಾತ್ರ ಈ ಎಚ್ಚರ ನಮಗೆ ನೆನಪಾಗುವುದಿಲ್ಲ.

ದುಂಡಸಿಯಂತಹ ಊರುಗಳಿಂದ ಹಾವೇರಿಗೋ ಹುಬ್ಬಳ್ಳಿಗೋ ಬಿ.ಸಿ.ಎ., ಡಿಪ್ಲೊಮಾ ಓದಲು ಹೋಗುವ ಹೆಣ್ಣುಮಕ್ಕಳಿಗೆ ಲಿನಕ್ಸ್ ಎದುರಾಗುತ್ತದೆ. ಕಾಸರಗೋಡಿನ ಕನ್ನಡ ಮಕ್ಕಳಿಗಂತೂ ಅದು ಶಾಲೆಯಲ್ಲೇ ಪರಿಚಯ. ಕೇರಳ ಸರಕಾರ 2001ರಲ್ಲಿ ಆರಂಭಿಸಿ, 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿಸಿದ ಐಟಿ ಅಟ್ ಸ್ಕೂಲ್ ಯೋಜನೆಯು ಶಾಲೆಗಳಲ್ಲಿ ಲಿನಕ್ಸನ್ನೇ ಬಳಕೆಗೆ ತಂದಿದೆ.

ಲಿನಕ್ಸ್‌ನಲ್ಲಿ ನಾವು ಅಕ್ಷರಗಳಲ್ಲಿ ಬರೆಯುವ ಆಜ್ಞೆಯನ್ನು ಓದಿ ಕೆಲಸ ಮಾಡಿಸುವ ತಂತ್ರಾಂಶವೇ ಶೆಲ್. ಹೆಚ್ಚು ಬಳಕೆಯಲ್ಲಿರುವುದು ಬ್ಯಾಶ್. 1989ರಲ್ಲಿ ಹೊರಬಂದ ಇದನ್ನು ಮೊದಲು ಬರೆದವರು ಬ್ರಿಯಾನ್ ಫಾಕ್ಸ್. ಇದರೊಳಗೂ ಅನೇಕ ಸ್ವಿಚ್ಚುಗಳಿವೆ.

ಅವನ್ನು ನೋಡುವುದೇಕೆ? ಮಗಳು ಅಂಕಪಟ್ಟಿಯ ಕಡತವನ್ನು ಅಕಾರಾದಿಯಾಗಿ ಜೋಡಿಸುತ್ತಾಳೆ ಎನ್ನಿ. ಫಲಿತಾಂಶವನ್ನು ಬಾಣದ ಗುರುತಿನ ಮೂಲಕ ಅದೇ ಹೆಸರಿನ ಕಡತಕ್ಕೆ ಕಳಿಸಿದರೆ, ಜೋಡಿಸುವ ಕೆಲಸ ಶುರುವಾಗುವ ಮೊದಲೇ ಶೆಲ್ ಆ ಕಡತವನ್ನು ಬರಿದು ಮಾಡುತ್ತದೆ. ಕೊನೆಗೆ ಉಳಿಯುವುದು ಖಾಲಿ ಕಡತ! ಒಂದು ಎಚ್ಚರಿಕೆಯ ಮಾತೂ ಬರುವುದಿಲ್ಲ. ಇದನ್ನು ತಡೆಯುವ ಸ್ವಿಚ್ಚಿನ ಹೆಸರು ನೋಕ್ಲಾಬರ್. ಆದರೆ ಬ್ಯಾಶ್‌ನಲ್ಲಿ ಅದು ಸಾಮಾನ್ಯವಾಗಿ ಆರಿಯೇ ಇರುತ್ತದೆ.

ನೋಡುವುದು ಸುಲಭ. ಸೆಟ್ ಎಂಬ ಪದವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬರೆಯಿರಿ. ಒಂದು ಜಾಗ ಬಿಟ್ಟು ಮೈನಸ್ ಚಿಹ್ನೆ, ಅದಕ್ಕೆ ತಾಗಿಯೇ ಸಣ್ಣ ಓ ಅಕ್ಷರ. ಎಂಟರ್ ಒತ್ತಿದರೆ 25ಕ್ಕೂ ಹೆಚ್ಚು ಹೆಸರುಗಳು ಸಾಲಾಗಿ ಬರುತ್ತವೆ. ಪ್ರತಿ ಹೆಸರಿನ ಮುಂದೆ ಆನ್ ಅಥವಾ ಆಫ್ ಎಂದಿರುತ್ತದೆ. ಬರೀ ನೋಡುವುದರಿಂದ ಏನೂ ಕೆಡುವುದಿಲ್ಲ. ಬ್ಯಾಶ್‌ಗೆ ಮಾತ್ರ ಸೇರಿದ ಇನ್ನೊಂದಿಷ್ಟು ಸ್ವಿಚ್ಚುಗಳಿವೆ. ಅವುಗಳಿಗೆ ಎಸ್, ಎಚ್, ಓ, ಪಿ, ಟಿ ಎಂಬ ಐದು ಅಕ್ಷರಗಳ ಆಜ್ಞೆ ಸಾಕು.

ಇನ್ನು ಹಾಕುವ, ಆರಿಸುವ ಮಾತು. ಇಲ್ಲಿ ಲೆಕ್ಕ ತಿರುಗುಮುರುಗು: ಮೈನಸ್ ಎಂದರೆ ಹಾಕು, ಪ್ಲಸ್ ಎಂದರೆ ಆರಿಸು. ಮೇಲಿನ ಆಜ್ಞೆಯ ಕೊನೆಗೆ ಜಾಗ ಬಿಟ್ಟು ನೋಕ್ಲಾಬರ್ ಎಂಬ ಹೆಸರನ್ನು ಪಟ್ಟಿಯಲ್ಲಿರುವಂತೆಯೇ ಬರೆದರೆ ರಕ್ಷಣೆ ಸಿಗುತ್ತದೆ. ಆಗ ಬಾಣದ ಗುರುತು ಹಳೆಯ ಕಡತದ ಮೇಲೆ ಬರೆಯಲು ಹೋದರೆ ಶೆಲ್ ತಡೆದು ಹೇಳುತ್ತದೆ. ಹೆಸರಿಲ್ಲದೆ, ಮೈನಸ್ ಬದಲು ಪ್ಲಸ್ ಹಾಕಿದರೆ ಏನೂ ಆರುವುದಿಲ್ಲ; ಈಗಿನ ಸ್ಥಿತಿಯೆಲ್ಲ ಮತ್ತೆ ಬಳಸಬಹುದಾದ ಆಜ್ಞೆಗಳ ರೂಪದಲ್ಲಿ ಮೂಡುತ್ತದೆ. ಬದಲಾವಣೆಗೆ ಮುನ್ನ ಅದನ್ನು ಹೊಸ ಕಡತವೊಂದರಲ್ಲಿ ಉಳಿಸಿಕೊಂಡರೆ ಮೊದಲಿನ ಸ್ಥಿತಿಗೆ ಮರಳಬಹುದು.

ಎರಡು ಮಾತು ನೆನಪಿರಲಿ. ಈ ರಕ್ಷಣೆ ಬಾಣದ ಗುರುತಿಗೆ ಮಾತ್ರ. ಕಡತ ಅಳಿಸುವ, ನಕಲು ಮಾಡುವ ಆಜ್ಞೆಗಳನ್ನು ಅದು ತಡೆಯದು. ಕಿಟಕಿ ಮುಚ್ಚಿದರೆ ನೀವು ಹಾಕಿದ ಸ್ವಿಚ್ಚೂ ಹೋಗುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಒಂದೇ ಯಂತ್ರವನ್ನು ಹಲವರು ಬಳಸುವುದರಿಂದ ನಿನ್ನೆಯಂತೆಯೇ ಇಂದೂ ಇದೆ ಎಂದು ನಂಬಬೇಡಿ.

ಸಹೋದರಿಯರೇ, ಪ್ರಾಜೆಕ್ಟಿನ ಕೆಲಸಕ್ಕೆ ಕೂರುವ ಮಕ್ಕಳಿಗೆ ಈ ಅಭ್ಯಾಸ ಹೇಳಿಕೊಡಿ. ಪಟ್ಟಿ ನೋಡಲು ಅರ್ಧ ನಿಮಿಷ ಸಾಕು. ಬರಿದಾದ ಕಡತವನ್ನು ಮತ್ತೆ ತುಂಬಿಸಲು ಒಂದು ರಾತ್ರಿಯ ನಿದ್ದೆಯೇ ಬೇಕಾದೀತು.