ತನ್ನ ಲೆಕ್ಕಕ್ಕೆ ತಾನೇ ಆಡಿಟರ್ರಾ?

ನಿಮಿಷಾಂಬ ದೇವಸ್ಥಾನದ ಹತ್ರ ಹೊಳೇಲಿ ಕಾಲು ಇಳಿಬಿಟ್ಕೊಂಡು ರೀಲ್ಸ್ ಮಾಡ್ತೀವಲ್ಲ, ಆ ನೀರು ಬರೋದು ಕೆಆರ್‌ಎಸ್‌ನಿಂದ. ಕೆಆರ್‌ಎಸ್‌ಗೆ ದೂರ ಏನಲ್ಲದ ಇಲವಾಲದ ಕಡೆ, ರತ್ನಹಳ್ಳೀಲಿ ಆರ್‌ಎಂಪಿ ಇದೆ. ಬಾರ್ಕ್‌ಗೆ ಸೇರಿದ್ದು. ಐಎನ್‌ಎಸ್ ಅರಿಹಂತ್ ಜಲಾಂತರ್ಗಾಮಿಗೆ ಬೇಕಾದ ಯುರೇನಿಯಂ ಎನ್‌ರಿಚ್ ಆಗೋದು ಅಲ್ಲೇ.

ಹೊಳೆಗೆ ಏನೋ ಸೇರಿದೆ ಅಂತ ಹೇಳ್ತಿಲ್ಲ, ಹೆದರ್ಕೋಬೇಡಿ. ಎನ್‌ರಿಚ್ ಮಾಡಿದ್ಮೇಲೆ ಉಳಿಯೋ ಯುರೇನಿಯಂನಲ್ಲಿ ವಿಕಿರಣ ಕಮ್ಮಿ. ಆದ್ರೆ ಅದು ಫ್ಲೋರಿನ್ ಜೊತೆ ಸೇರಿಕೊಂಡಿರುತ್ತೆ. ಸೋರಿ, ಗಾಳಿಯ ತೇವ ತಗುಲಿದ್ರೆ ಮೈ ಸುಡೋ ಆಮ್ಲ ಹುಟ್ಟುತ್ತೆ. ಭಾರಿ ವಿಕಿರಣದ ಕಸ ಹುಟ್ಟೋದು ಇಂಧನ ರಿಯಾಕ್ಟರ್‌ನಲ್ಲಿ ಬಳಕೆಯಾದ್ಮೇಲೆ.

ನನ್ನ ಪ್ರಶ್ನೆ ಒಂದೇ. ಇಡೋದು, ಸಾಗಿಸೋದು ಸರಿಯಾಗಿದೆಯಾ ಅಂತ ನೋಡೋರು ಯಾರು?

ಮೊದಲು ಅಣುಶಕ್ತಿ ನಿಯಂತ್ರಣ ಮಂಡಳಿ ನೋಡ್ತಿತ್ತು. 2000ದಲ್ಲಿ ಬಾರ್ಕ್‌ನ ಘಟಕಗಳನ್ನ ಅದರ ಕೈಯಿಂದ ತೆಗೆದು, ಬಾರ್ಕ್‌ನದೇ ಸೇಫ್ಟಿ ಕೌನ್ಸಿಲ್‌ಗೆ ಕೊಟ್ರು.

ಬಿಕಾಂನೋರೇ, ಈಗ ಹೇಳಿ. ಕಂಪನಿ ಕಾಯ್ದೆ 2013, ಸೆಕ್ಷನ್ 141: ಕಂಪನಿಯ ನೌಕರ ಅದೇ ಕಂಪನಿಗೆ ಆಡಿಟರ್ ಆಗೋ ಹಾಗಿಲ್ಲ. ಅವನು ಕಳ್ಳ ಅಂತಲ್ಲ. ತನ್ನ ತಪ್ಪು ತನಗೆ ಕಾಣಲ್ಲ ಅಂತ. ಬಿಸ್ಕತ್ ಕಂಪನಿಗೆ ಇರೋ ರೂಲ್ಸು ಯುರೇನಿಯಂಗೆ ಯಾಕಿಲ್ಲ?

"ದೇಶದ ರಕ್ಷಣೆ ವಿಷ್ಯ, ಸುಮ್ನಿರು" ಅಂತೀರಾ? ಅಮೆರಿಕ ನೋಡಿ. ಅಣುಬಾಂಬ್ ತಯಾರಿಕೆಯ ಕಸವನ್ನ 1999ರಿಂದ ಲಾರೀಲಿ ತಂದು, ನ್ಯೂ ಮೆಕ್ಸಿಕೊದ ಉಪ್ಪಿನ ಪದರದಲ್ಲಿ 650 ಮೀಟರ್ ಆಳಕ್ಕೆ ಇಳಿಸ್ತಾರೆ. ಜಾಗದ ಹೆಸರು ವಿಪ್. ದಾರೀಲಿರೋ ಫೈರ್ ಸರ್ವಿಸ್‌ನೋರಿಗೆ ತರಬೇತಿ ಕೊಡ್ತಾರೆ. 2014ರಲ್ಲಿ ಅಲ್ಲೇ ಒಂದು ಡ್ರಮ್ ಒಡೀತು. ಕಾರಣ, ಪ್ಯಾಕ್ ಮಾಡುವಾಗ ತಪ್ಪು ಪುಡಿ ಬೆರೆಸಿದ್ದು. ಸುಮಾರು ಮೂರು ವರ್ಷ ಬಾಗಿಲು ಮುಚ್ಚಿತು. ರಾಜ್ಯ ಸರ್ಕಾರ ಕೇಂದ್ರದ ಇಲಾಖೆಗೇ ದಂಡ ಹಾಕ್ತು! ಮಿಲಿಟರಿ ಕಸಾನೇ, ಆದ್ರೂ ಹೊರಗಿನ ಕಣ್ಣಿತ್ತು.

ಯಾವ ಲಾರಿ ಯಾವತ್ತು ಎಲ್ಲಿಗೆ ಅಂತ ನಮಗೆ ಹೇಳೋದು ಬೇಡ, ಅದು ಗುಟ್ಟಾಗೇ ಇರ್ಲಿ. ಆದ್ರೆ ಗುಟ್ಟು ಕಾಯೋ ಅಧಿಕಾರ ಇರೋ ಹೊರಗಿನ ಆಡಿಟರ್ ಒಬ್ರು ಬೇಕು. ದಾರಿಯ ಫೈರ್ ಸ್ಟೇಷನ್‌ಗೆ ಏನು ಮಾಡ್ಬೇಕು ಅಂತ ಗೊತ್ತಿರ್ಬೇಕು. ಇದು ದೇಶದ್ರೋಹ ಅಲ್ಲ ಕಣ್ರೋ, ಎರಡನೇ ವರ್ಷದ ಆಡಿಟಿಂಗ್ ಪಾಠ.

ಒಪ್ಪಲ್ವಾ? ಕಾಮೆಂಟಲ್ಲಿ ಜಗಳ ಆಡೋಣ ಬನ್ನಿ.

#ಗಂಜಾಂ #ಬಿಕಾಂಹುಚ್ಚು