ತ್ರಿನೇತ್ರನಿಗೆ ಎಚ್ ಬೇಕೇ, ಬೇಡವೇ?



ಹೋದ ತಿಂಗಳು ಅಟ್ಟ ಶುಚಿ ಮಾಡುವಾಗ ಹಳೆಯ ಕೈಚೀಲವೊಂದು ಸಿಕ್ಕಿತು. ಅದರ ಮೇಲೆ ‘ತ್ರಿನೇತ್ರ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚಾಗಿತ್ತು, ಕೊನೆಯ ಟಿ ಆದಮೇಲೆ ಒಂದು ಎಚ್ ಸಹಿತ. ಚೀಲದೊಳಗಿದ್ದ ಪತ್ರಿಕೆಯ ತುಣುಕಿನಲ್ಲಿ ಅದೇ ಹೆಸರು ಎಚ್ ಇಲ್ಲದೆ ಇತ್ತು. ನನ್ನ ತಂಗಿಯ ಮಗ ಎರಡನ್ನೂ ಹಿಡಿದು, “ಮಾವ, ಇದರಲ್ಲಿ ಯಾವುದು ಸರಿ?” ಎಂದ.

ನಿಮ್ಮಲ್ಲಿ ಅನೇಕರಿಗೆ ಈ ಹೆಸರು ಹೊಸದಿರಬಹುದು. ಅಪ್ಪ ಅಮ್ಮನನ್ನು ಕೇಳಿ ನೋಡಿ. ತ್ರಿನೇತ್ರ ನಮ್ಮ ಹೈದರಾಬಾದಿನದೇ ಸೂಪರ್ ಮಾರ್ಕೆಟ್. ಕಿರಾಣಿ ಅಂಗಡಿಯಲ್ಲಿ ಚೀಟಿ ಕೊಟ್ಟು ಕಾಯುತ್ತಿದ್ದ ನಾವು, ಬುಟ್ಟಿ ಹಿಡಿದು ನಾವೇ ಬೇಳೆ ಸಕ್ಕರೆ ಆರಿಸಿಕೊಳ್ಳಲು ಕಲಿತದ್ದು ಇಂಥ ಅಂಗಡಿಗಳಲ್ಲಿ. ಕರ್ನಾಟಕದಲ್ಲಿ ಇದೇ ಕಂಪನಿಯ ಮಳಿಗೆಗಳಿಗೆ ‘ಫ್ಯಾಬ್‌ಮಾಲ್’ ಎಂಬ ಹೆಸರಿತ್ತು. 2007ರಲ್ಲಿ ಆದಿತ್ಯ ಬಿರ್ಲಾ ಸಮೂಹ ಕಂಪನಿಯನ್ನು ಕೊಂಡಿತು. ಬೋರ್ಡುಗಳೆಲ್ಲ ‘ಮೋರ್’ ಎಂದು ಬದಲಾದವು. ಹೆಸರು ಹೋಯಿತು, ಎಚ್‌ನ ಜಗಳ ಮಾತ್ರ ಉಳಿಯಿತು!

ಕಂಪನಿಯ ನೋಂದಾಯಿತ ಹೆಸರಿನಲ್ಲಿ ಎಚ್ ಇತ್ತು. ಆದರೆ ಪತ್ರಿಕೆಗಳು ಎರಡು ಬಗೆಯಲ್ಲೂ ಬರೆದವು. ಕಾರಣ ಸರಳ. ನಮಗೆ ತ ಬೇರೆ, ಟ ಬೇರೆ. ಇಂಗ್ಲಿಷಿಗೆ ಇರುವುದು ಒಂದೇ ಟಿ. ದಕ್ಷಿಣದವರು ಟಕಾರಕ್ಕೆ ಬರಿಯ ಟಿ ಇಟ್ಟು, ತಕಾರಕ್ಕೆ ಎಚ್ ಸೇರಿಸಿದರು. ಉತ್ತರದವರು ತಕಾರಕ್ಕೆ ಬರಿಯ ಟಿ ಸಾಕೆಂದು, ಎಚ್ಚನ್ನು ಥಕಾರಕ್ಕೆ ಮೀಸಲಿಟ್ಟರು. ಅದಕ್ಕೇ ಲತಾ ಮಂಗೇಶ್ಕರ್ ಅವರ ಹೆಸರಿನಲ್ಲಿ ಎಚ್ ಇಲ್ಲ, ನಿಮ್ಮ ಲತಾ ಅತ್ತೆಯ ಹೆಸರಿನಲ್ಲಿ ಬಹುಶಃ ಇದೆ. ನಮ್ಮ ದೇಶದಲ್ಲಿ ಅಧಿಕೃತವಾಗಿ ಬಳಸುವ ಹಂಟೇರಿಯನ್ ಪದ್ಧತಿಯೂ ತಕಾರ ಟಕಾರಗಳೆರಡಕ್ಕೂ ಒಂದೇ ಟಿ ಬಳಸುತ್ತದೆ. ಟಕಾರದ ಕೆಳಗೆ ಚುಕ್ಕೆ ಇಟ್ಟು ಗುರುತಿಸಬಹುದು. ಆದರೆ ಅಂಗಡಿ ಬೋರ್ಡಿನ ಮೇಲೆ ಚುಕ್ಕೆ ಇಡುವವರು ಯಾರು?

ಇನ್ನೊಂದು ಉದಾಹರಣೆ ನೀವು ದಿನವೂ ಓಡಾಡುವ ದಾರಿಯಲ್ಲೇ ಇದೆ. ಆರನೆಯ ನಿಜಾಮರ ಸೇವೆಯಲ್ಲಿದ್ದ ಆಲ್ಬರ್ಟ್ ಆಬಿದ್ ಎಂಬಾತ ಇಟ್ಟಿದ್ದ ಅಂಗಡಿ ಎಂದೋ ಮುಚ್ಚಿತು, ಹೆಸರು ಬಡಾವಣೆಗೆ ಉಳಿಯಿತು. ಇಂಗ್ಲಿಷಿನ ಡಿ ದಾಟಿ ಬರುವಾಗ ಆಬಿದ್‌ನ ದಕಾರ ಡಕಾರವಾಯಿತು. ಕೊನೆಗೊಂದು ‘ಸ್’ ಅಂಟಿತು. ಈಗ ನಾವೆಲ್ಲ ಅನ್ನುವುದು ‘ಅಬಿಡ್ಸ್’.

ಇದು ಅಂಗಡಿಗಳ ಮಾತಾಯಿತು. ನಿಮ್ಮ ಹೆಸರಿನ ಗತಿ ಏನು? ನನ್ನ ಬಂಧುವೊಬ್ಬಳ ಹತ್ತನೆಯ ತರಗತಿಯ ಮೆಮೊದಲ್ಲಿ ಎಚ್ ಇತ್ತು, ಪಾಸ್‌ಪೋರ್ಟ್ ಅರ್ಜಿಯಲ್ಲಿ ಇರಲಿಲ್ಲ. ಎರಡೂ ಹೆಸರಿನವಳು ತಾನೊಬ್ಬಳೇ ಎಂದು ಅಫಿಡವಿಟ್ ಮಾಡಿಸಲು ಅಲೆದಳು. ಇವತ್ತೇ ನಿಮ್ಮ ಕಾಗದಪತ್ರಗಳನ್ನು ತೆಗೆದು ನೋಡಿ. ಯಾವುದಾದರೂ ಒಂದು ರೂಪ ಹಿಡಿದು ಎಲ್ಲ ಕಡೆಯೂ ಅದನ್ನೇ ಬರೆಯಿರಿ.

ಕಾಗದ ಸರಿಯಾದರೂ ಒಂದು ಮಾತು ಉಳಿಯುತ್ತದೆ. ನೀವು ಅಜ್ಜಿಗೆ ಮೊಬೈಲಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತೀರಿ, ಬಲ್ಲೆ. “ಇವತ್ತು ಹುಳಿ ಮಾಡಿದ್ದೇವೆ” ಎಂದು ನೀವು ಬರೆದರೆ, ಅಜ್ಜಿ ಅದನ್ನು ಹುಲಿ ಎಂದು ಓದಿಕೊಂಡರೆ ತಪ್ಪು ಯಾರದು? ಅಜ್ಜಿಯದಂತೂ ಅಲ್ಲ.

ಕನ್ನಡ ಲಿಪಿ ಕಷ್ಟವೆಂದು ದಯವಿಟ್ಟು ಹೇಳಬೇಡಿ. ಶಾಲೆಯಲ್ಲಿ ತೆಲುಗು ಓದಿದವರಿಗೆ ಅರ್ಧ ದಾರಿ ಆಗಲೇ ಸವೆದಿದೆ. ಎರಡು ಲಿಪಿಗಳದೂ ಒಂದೇ ಮೂಲ. ತಲೆಕಟ್ಟಿನ ಆಕಾರ ಬೇರೆ, ಕೆಲವು ಅಕ್ಷರಗಳ ತಿರುವು ಬೇರೆ, ಅಷ್ಟೆ. ದಿನಕ್ಕೆ ಹತ್ತು ನಿಮಿಷ ಕೊಟ್ಟರೆ ಕೆಲವೇ ವಾರಗಳಲ್ಲಿ ಈ ಪುಟವನ್ನು ಅಮ್ಮನ ಸಹಾಯವಿಲ್ಲದೆ ಓದುವಿರಿ.

ತಂಗಿಯ ಮಗನಿಗೆ ನಾನು ಬಾಯಲ್ಲಿ ಉತ್ತರ ಹೇಳಲಿಲ್ಲ. ಚೀಲದ ಮೇಲೆ ಪೆನ್ನಿನಿಂದ ‘ತ್ರಿನೇತ್ರ’ ಎಂದು ಕನ್ನಡದಲ್ಲಿ ಬರೆದುಕೊಟ್ಟೆ. ಅವನು ತೆಲುಗಿನ ಬಲದಿಂದ ಒಂದೊಂದೇ ಅಕ್ಷರ ಕೂಡಿಸಿ ಓದಿದ. ಆಮೇಲೆ ಎಚ್ ಎಲ್ಲಿ ಎಂದು ಕೇಳಲಿಲ್ಲ.

ಈ ತಿಂಗಳು ನಿಮ್ಮ ಕೆಲಸ ಇಷ್ಟೇ. ನಿಮ್ಮ ಹೆಸರನ್ನು ಕನ್ನಡದಲ್ಲಿ ಕೈಯಾರೆ ಬರೆದು ನಮಗೆ ಕಳಿಸಿ. ಕಾಗುಣಿತ ತಪ್ಪಿದರೆ ತಿದ್ದೋಣ, ಸಂಕೋಚ ಬೇಡ.