ಹೊಸ ಗಣಕದೊಳಗೆ ಹಳೆಯ ಗಣಕ

1ರಿಂದ 8ರವರೆಗಿನ ಸಂಖ್ಯೆಗಳನ್ನು ಒಂದಕ್ಕೊಂದು ಗುಣಿಸಿದರೆ 40,320 ಬರುವುದು. ಪ್ರೌಢಶಾಲೆಯ ವಿದ್ಯಾರ್ಥಿಗಳೂ ಇದನ್ನು ಕಾಗದದ ಮೇಲೆ ಮಾಡಿ ತೋರಿಸಬಲ್ಲರು. ಆದರೆ ಇದೇ ಲೆಕ್ಕವನ್ನು ಟರ್ಬೊ ಸಿ ಕಂಪೈಲರಿನಲ್ಲಿ ಸಾಮಾನ್ಯ ಪೂರ್ಣಾಂಕಗಳಿಂದ ಮಾಡಿಸಿದರೆ ತೆರೆಯ ಮೇಲೆ ಮೂಡುವ ಉತ್ತರ −25,216. ಜಯನಗರ, ಬನಶಂಕರಿಗಳ ಅಂಗಡಿಗಳಲ್ಲಿ ಈಗಷ್ಟೆ ಕೊಂಡುತಂದ ಗಣಕದಲ್ಲಿಯೂ ಹೀಗೆಯೇ ಆಗುವುದು. ಇಲ್ಲಿ ತಪ್ಪಿದವರು ಯಾರು?

ತಪ್ಪು ಹೊಸ ಗಣಕದ್ದಲ್ಲ. ಅದರೊಳಗೆ ಡಾಸ್‌ಬಾಕ್ಸ್ ಎಂಬ ತಂತ್ರಾಂಶವು ಹಳೆಯ ಗಣಕವೊಂದರ ವೇಷವನ್ನು ಧರಿಸಿ ನಿಂತಿದೆ. ಟರ್ಬೊ ಸಿ ಒಂದು ಪೂರ್ಣಾಂಕಕ್ಕೆ 16 ಬಿಟ್‌ಗಳನ್ನು ಮಾತ್ರ ಮೀಸಲಿಡುತ್ತದೆ. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32,767. ಮೋಟಾರುವಾಹನದ ಓಡೋಮೀಟರು 99,999ರ ಬಳಿಕ ಸೊನ್ನೆಗೆ ಮರಳುವಂತೆ, ಈ ಎಲ್ಲೆಯನ್ನು ಮೀರಿದ ಸಂಖ್ಯೆ ಸುತ್ತಿಬಂದು ಋಣಸಂಖ್ಯೆಯಾಗುತ್ತದೆ. 40,320ರಿಂದ 65,536ನ್ನು ಕಳೆದರೆ ಬರುವುದು −25,216 ತಾನೆ!

ಈ ವೇಷದ ಅಗತ್ಯವೇನೆಂದರೆ, 1978ರಲ್ಲಿ ಬಂದ 8086 ಸಂಸ್ಕಾರಕದ ಆದೇಶಗಳಲ್ಲಿ ರಚಿತವಾದ 16 ಬಿಟ್‌ಗಳ ಪ್ರೋಗ್ರಾಂಗಳನ್ನು ಇಂದಿನ 64 ಬಿಟ್‌ಗಳ ವಿಂಡೋಸ್ ನಡೆಸುವುದಿಲ್ಲ. ಆದುದರಿಂದ ಎಮ್ಯುಲೇಟರು ಹಳೆಯ ಯಂತ್ರದ ರಿಜಿಸ್ಟರುಗಳನ್ನೂ ಸ್ಮೃತಿಯನ್ನೂ ಹೊಸ ಯಂತ್ರದ ಸ್ಮೃತಿಯಲ್ಲಿ ಬರಿಯ ಅಂಕಿಗಳಾಗಿ ಇರಿಸಿಕೊಂಡು, ಹಳೆಯ ಆದೇಶಗಳನ್ನು ಒಂದೊಂದಾಗಿ ಓದಿ, ಅವುಗಳ ಅರ್ಥದಂತೆ ಆ ಅಂಕಿಗಳನ್ನು ಬದಲಿಸುತ್ತ ಹೋಗುತ್ತದೆ. ತಾನು ಅನ್ಯಯಂತ್ರದಲ್ಲಿರುವೆನೆಂಬುದು ಹಳೆಯ ಪ್ರೋಗ್ರಾಂಗೆ ತಿಳಿಯದು. ಒಂದು ಯಂತ್ರದ ವಿವರಣೆಯನ್ನು ಕೊಟ್ಟರೆ ಮತ್ತೊಂದು ಯಂತ್ರವು ಅದರ ಕೆಲಸವನ್ನು ಮಾಡಬಲ್ಲುದೆಂದು ಅಲನ್ ಟ್ಯೂರಿಂಗ್ 1936ರಲ್ಲಿಯೇ ತರ್ಕದಿಂದ ತೋರಿಸಿದ್ದನು.

ಇದರ ಉಪಯೋಗ ಸಣ್ಣದಲ್ಲ. ಕೆ. ಪಿ. ರಾವ್ ಅವರು ರೂಪಿಸಿದ 'ಸೇಡಿಯಾಪು' ಡಾಸ್ ಕಾಲದ ಕನ್ನಡ ತಂತ್ರಾಂಶ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಒಂದು ನಿಶ್ಚಿತ ಸಂಕೇತವನ್ನು ಕೊಟ್ಟಿತಾದರೂ ಅದು ಬಳಕೆಗೆ ಬರಲು ಬಹುಕಾಲ ಹಿಡಿಯಿತು. ಅದುವರೆಗೆ ಬೇರೆ ಬೇರೆ ತಂತ್ರಾಂಶಗಳು ತಮ್ಮ ತಮ್ಮ ಸಂಕೇತಗಳನ್ನೇ ಬಳಸಿದವು. ಅಂಥ ಕಡತವನ್ನು ಇಂದು ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಹಳೆಯ ತಂತ್ರಾಂಶವನ್ನು ಎಮ್ಯುಲೇಟರಿನಲ್ಲಿ ಎಬ್ಬಿಸಿದರೆ ಆ ಬರಹವನ್ನು ಓದಿ ಯೂನಿಕೋಡಿಗೆ ಇಳಿಸಿಕೊಳ್ಳಬಹುದು. ಪ್ಲಾಪಿ ತಟ್ಟೆಗಳ ಕಾಂತಶಕ್ತಿ ಕುಂದುವ ಮೊದಲೇ ಈ ಕೆಲಸ ನಡೆಯಬೇಕು.

ಆದರೆ ಹೊಸದಾಗಿ ಕಲಿಯುವವರನ್ನು ಪ್ರತಿದಿನವೂ ಈ ಹಳೆಯ ಮನೆಯಲ್ಲಿ ಕೂರಿಸುವುದು ಬೇರೆಯ ಮಾತು. ಸಿ++ ಭಾಷೆಗೆ ಅಂತರರಾಷ್ಟ್ರೀಯ ಪ್ರಮಾಣ ಬಂದದ್ದು 1998ರಲ್ಲಿ. ಟರ್ಬೊ ಸಿ++ ಅದಕ್ಕೂ ಹಿಂದಿನದು. ಅದರಲ್ಲಿ ರೂಢಿಮಾಡಿಕೊಂಡ ಎಷ್ಟೋ ವಾಕ್ಯಗಳನ್ನು ಇಂದಿನ ಕಂಪೈಲರುಗಳು ಒಪ್ಪುವುದಿಲ್ಲ. ಅದು ಸರಳ, ಅಧ್ಯಾಪಕರಿಗೆ ಪರಿಚಿತ, ಪ್ರಯೋಗಪುಸ್ತಕಗಳೂ ಸಿದ್ಧವಾಗಿವೆ ಎಂಬ ವಾದ ಸುಳ್ಳಲ್ಲ. ಆದರೆ ಆ ಅನುಕೂಲ ನಮ್ಮದು, ನಷ್ಟ ವಿದ್ಯಾರ್ಥಿಯದು. ಜಿಸಿಸಿಯಂಥ ಆಧುನಿಕ ಕಂಪೈಲರು ಬೆಲೆಯಿಲ್ಲದೆ ದೊರೆಯುವಾಗ ಈ ನಷ್ಟಕ್ಕೆ ಸಮರ್ಥನೆಯಿಲ್ಲ.

ಹಾಗೆಂದು ಹಳೆಯದನ್ನು ಹೊರಗೆಸೆಯಬೇಕೆಂದು ನಾವು ಹೇಳುವುದಿಲ್ಲ. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಟ್ಯಾಂಜೆಂಟ್ ಗ್ಯಾಲ್ವನೋಮೀಟರನ್ನು ಇರಿಸಿಕೊಂಡಿರುವುದು ತತ್ತ್ವ ತಿಳಿಯಲೆಂದು. ಕಾರ್ಖಾನೆಯಲ್ಲಿ ವಿದ್ಯುತ್ತನ್ನು ಅಳೆಯಲೆಂದಲ್ಲ. ಎಮ್ಯುಲೇಟರಿಗೂ ಅದೇ ಸ್ಥಾನವಿರಲಿ. ಒಂದೇ ಲೆಕ್ಕವನ್ನು ಹಳೆಯ ಕಂಪೈಲರಿನಲ್ಲಿಯೂ ಹೊಸದರಲ್ಲಿಯೂ ಮಾಡಿಸಿ ಹೋಲಿಸಿ ನೋಡಿರಿ. ಹೊಸದರಲ್ಲಿ ಪೂರ್ಣಾಂಕಕ್ಕೆ ಸಾಮಾನ್ಯವಾಗಿ 32 ಬಿಟ್‌ಗಳಿರುವುದರಿಂದ 8ರವರೆಗಿನ ಗುಣಲಬ್ಧ ಸರಿಯಾಗಿ ಬರುವುದು, 12ರವರೆಗೂ ಸರಿಯೇ. 13ಕ್ಕೆ ಬರಬೇಕಾದದ್ದು 6,22,70,20,800. ಆದರೆ ಸಾಮಾನ್ಯವಾಗಿ ಬರುವುದು 1,93,20,53,504!

ಹಳೆಯ ಯಂತ್ರ ತಪ್ಪಿದಾಗ ಋಣಚಿಹ್ನೆಯಾದರೂ ನಮ್ಮನ್ನು ಎಚ್ಚರಿಸಿತು. ಹೊಸದು ಇಲ್ಲಿ ಆ ಸುಳಿವನ್ನೂ ಕೊಡದೆ ತಪ್ಪುತ್ತದೆ. ಎಲ್ಲೆ ದೂರ ಸರಿದಿದೆಯೇ ಹೊರತು ಅಳಿದಿಲ್ಲ. ಮೊದಲ ತಪ್ಪಿನ ಕಾರಣವನ್ನರಿತ ವಿದ್ಯಾರ್ಥಿ ಎರಡನೆಯದಕ್ಕೆ ಮೋಸಹೋಗಲಾರನು.